ಶಾಲೆ ಬಿಟ್ಟ ಮೇಲೆ ಹಳೆಯ ಕನ್ನಡ ಕಾವ್ಯ ಓದುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೊಂದು ದಾರಿ

ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಕನ್ನಡ ಪುಸ್ತಕ ಮುಚ್ಚಿಟ್ಟವರು ಎಷ್ಟೋ ವರ್ಷದ ಮೇಲೆ ಒಂದು ಮಾತು ಹೇಳುವುದುಂಟು: ‘ಪಂಪ, ರನ್ನ, ಕುಮಾರವ್ಯಾಸ ಅಂತ ಹೆಸರು ಗೊತ್ತು, ಆದರೆ ಓದಿಲ್ಲ.’ ಓದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಎಂಟು ಹತ್ತು ಪದ್ಯ ಓದಿರುತ್ತಾರೆ. ಆದರೆ ಅದು ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎನ್ನುವ ಪ್ರಶ್ನೆಗಾಗಿ ಓದಿದ್ದು. ಗೈಡಿನಲ್ಲಿದ್ದ ಸ್ವಾರಸ್ಯವನ್ನು ಬರೆದು ಬಂದಿದ್ದು.

ಕೆಲವರು ಹುರುಪಿನಲ್ಲಿ ಪುಸ್ತಕ ಮೇಳಕ್ಕೆ ಹೋಗಿ ದಪ್ಪನೆಯ ಪಂಪಭಾರತವನ್ನೇ ಹೊತ್ತು ತರುತ್ತಾರೆ. ಮೊದಲ ಆಶ್ವಾಸ, ಅಂದರೆ ಮೊದಲ ಅಧ್ಯಾಯ, ತೆರೆದರೆ ಸ್ತುತಿ ಪದ್ಯಗಳು. ಆಮೇಲೆ ಕವಿಗೆ ಆಶ್ರಯ ಕೊಟ್ಟ ಚಾಲುಕ್ಯ ಅರಸರ ವಂಶಾವಳಿ. ಅಲ್ಲಿಗೆ ಹುರುಪು ಇಳಿಯುತ್ತದೆ, ಪುಸ್ತಕ ಅಲಮಾರಿ ಸೇರುತ್ತದೆ. ಇದರಲ್ಲಿ ಓದುವವರ ತಪ್ಪಿಲ್ಲ, ಪಂಪನ ತಪ್ಪೂ ಇಲ್ಲ. ಶುರು ಮಾಡಿದ ಜಾಗ ಸರಿಯಿಲ್ಲ, ಅಷ್ಟೇ.

ಸಾಹಿತ್ಯ ಚರಿತ್ರೆಯ ಪುಸ್ತಕಗಳು ಹಳೆಯದರಿಂದ ಹೊಸದಕ್ಕೆ ಬರುತ್ತವೆ. ಓದುವವರು ಹೊಸದರಿಂದ ಹಳೆಯದಕ್ಕೆ ಹೋಗಬೇಕು. ಕಿವಿಗೆ ಈಗಾಗಲೇ ಬಿದ್ದಿರುವುದರಿಂದ ಹೊರಟು ಒಂದೊಂದೇ ಕಾಲ ಹಿಂದಕ್ಕೆ ನಡೆಯಬೇಕು. ನಮ್ಮ ಮೂರು ಜಿಲ್ಲೆಯವರಿಗೆ ಇದು ಇನ್ನೂ ಸುಲಭ. ಯಾಕೆಂದರೆ ಈ ಸಾಹಿತ್ಯದ ದೊಡ್ಡ ಪಾಲು ಇಲ್ಲೇ, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಹುಟ್ಟಿದ್ದು. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ನಾಡು ಯಾವುದೆಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಅಂದರೆ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಒಂಕುಂದ ಅಂದರೆ ಬೈಲಹೊಂಗಲ ತಾಲ್ಲೂಕಿನ ಒಕ್ಕುಂದ. ನಾಲ್ಕರಲ್ಲಿ ಎರಡು ನಮ್ಮವೇ. ಬೆಂಗಳೂರಿನಲ್ಲಿ ಯಾರಾದರೂ ‘ನಿಮ್ಮ ಕನ್ನಡ ಒಂಥರಾ’ ಎಂದು ನಕ್ಕರೆ ಇದನ್ನೊಮ್ಮೆ ಹೇಳಬಹುದು, ಅಲ್ವಾ?

1. ತ್ರಿಪದಿಯಿಂದ ಹೊರಡಿ

ಮನೆಯಲ್ಲಿ ವಯಸ್ಸಾದ ಹೆಣ್ಣುಮಕ್ಕಳಿದ್ದರೆ ಮೊದಲ ಪಾಠ ಅಲ್ಲೇ ಇದೆ. ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಹಾಡುಗಳು, ತೊಟ್ಟಿಲ ಹಾಡುಗಳು, ತವರಿನ ಹಾಡುಗಳು, ಇವುಗಳಲ್ಲಿ ಹೆಚ್ಚಿನವು ಮೂರು ಸಾಲಿನವು:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ
ಎದ್ದೊಂದು ಗಳಿಗೆ ನೆನೆದೇನ

ಇದು ತ್ರಿಪದಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಇಂಥ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹ ಬಂತು. ನಿಮ್ಮ ಮೊದಲ ಪುಸ್ತಕ ಇದೇ ಆಗಲಿ. ಇಲ್ಲಿ ಅರ್ಥಕೋಶ ಬೇಡ, ಟಿಪ್ಪಣಿ ಬೇಡ. ದಿನಕ್ಕೆ ಒಂದು ಪುಟ ಸಾಕು. ಆದರೆ ಕಣ್ಣಲ್ಲಿ ಓದಬೇಡಿ. ಬಾಯಿ ಬಿಟ್ಟು ಓದಿ. ಹಾಡಲು ಬಂದರೆ ಹಾಡಿ.

ಇಷ್ಟಾದ ಮೇಲೆ ಒಂದು ಭಾನುವಾರ ಬಾದಾಮಿಗೆ ಹೋಗಿ. ಎಲ್ಲರೂ ಗುಹೆ ನೋಡಿ, ಮಂಗಗಳಿಂದ ಕಡಲೆ ಪೊಟ್ಟಣ ಉಳಿಸಿಕೊಂಡು ವಾಪಸ್ ಬರುತ್ತಾರೆ. ನೀವು ತಟ್ಟುಕೋಟೆಯ ಕಡೆಗೂ ಹೋಗಿ. ಅಲ್ಲಿ ಬಂಡೆಯ ಮೇಲೆ ಸುಮಾರು 700ನೇ ಇಸವಿಯ ಕಪ್ಪೆ ಅರಭಟ್ಟನ ಶಾಸನ ಇದೆ. ಅದರಲ್ಲಿ ಈ ಸಾಲುಗಳಿವೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವನಿಗೆ ಒಳ್ಳೆಯವನು, ಸವಿಯಾಗಿರುವವನಿಗೆ ಸವಿ, ಕಾಡುವ ಕಲಿಗೆ ತಿರುಗಿಬೀಳುವವನು, ಇವನು ಮಾಧವನೇ ಹೊರತು ಬೇರೆಯಲ್ಲ. ಎರಡು ಪದ್ಯಗಳನ್ನೂ ಒಂದಾದ ಮೇಲೊಂದು ಗಟ್ಟಿಯಾಗಿ ಓದಿ ನೋಡಿ. ಎರಡನೇ ಸಾಲಿನ ಎಳೆತ, ಮೂರನೇ ಸಾಲು ಚಿಕ್ಕದಾಗಿ ಬಂದು ಮುಗಿಯುವ ರೀತಿ ಎರಡರಲ್ಲೂ ಒಂದೇ. ಸಾವಿರದ ಮುನ್ನೂರು ವರ್ಷದ ಹಿಂದಿನ ಕಲ್ಲಿನ ಮೇಲಿನ ಧಾಟಿಯನ್ನೇ ನಮ್ಮ ಅಜ್ಜಿಯರು ಜೋಳ ಬೀಸುತ್ತ ಹಾಡಿದ್ದಾರೆ. ಹಳಗನ್ನಡ ಅಂದರೆ ಬೇರೆ ಲೋಕ ಎನ್ನುವ ಹೆದರಿಕೆ ಇಲ್ಲಿ ಅರ್ಧ ಹೋಗುತ್ತದೆ.

ಸರ್ವಜ್ಞನೂ ತ್ರಿಪದಿಯವನೇ. ಅವನನ್ನು ಮಧ್ಯೆ ಮಧ್ಯೆ ಓದಿಕೊಳ್ಳಿ.

2. ವಚನ: ಉಪದೇಶ ಬಿಟ್ಟು ಮನುಷ್ಯರನ್ನು ಹುಡುಕಿ

ವಚನ ಯಾರಿಗೆ ಗೊತ್ತಿಲ್ಲ? ಅದೇ ತೊಂದರೆ. ‘ಕಳಬೇಡ ಕೊಲಬೇಡ’ ಶಾಲೆಯ ಗೋಡೆಯ ಮೇಲೆ ಬರೆದಿರುತ್ತದೆ, ಹಾಗಾಗಿ ಎಲ್ಲ ವಚನವೂ ಬುದ್ಧಿಮಾತು ಎಂದುಕೊಂಡುಬಿಟ್ಟಿದ್ದೇವೆ. ಬಸವಣ್ಣ ಬೇರೆಯವರಿಗೆ ಹೇಳಿದ್ದಕ್ಕಿಂತ ತನ್ನನ್ನೇ ಬೈದುಕೊಂಡ ವಚನಗಳನ್ನು ಹುಡುಕಿ ಓದಿ. ‘ಕೊಂಬೆಯ ಮೇಲಣ ಮರ್ಕಟನಂತೆ ಲಂಘಿಸುವುದೆನ್ನ ಮನವು’ ಎಂದು ಹೇಳುವವನು ಒಬ್ಬ ರಾಜನ ಭಂಡಾರಿ, ದೊಡ್ಡ ಹುದ್ದೆಯಲ್ಲಿದ್ದವನು. ಈ ಬಸವಣ್ಣನನ್ನು ಪಠ್ಯಪುಸ್ತಕ ಅಷ್ಟಾಗಿ ತೋರಿಸುವುದಿಲ್ಲ.

ಓದುವ ಕ್ರಮ ಹೀಗಿರಲಿ. ನೂರು ವಚನಕಾರರ ಒಂದೊಂದು ವಚನ ಇರುವ ಆಯ್ದ ಸಂಕಲನ ಬೇಡ. ಒಬ್ಬರನ್ನೇ ಹಿಡಿದು ಐವತ್ತು ಅರವತ್ತು ವಚನ ಓದಿ. ಮೊದಲು ಬಸವಣ್ಣ, ಆಮೇಲೆ ಅಕ್ಕಮಹಾದೇವಿ. ಅಲ್ಲಮನನ್ನು ಕೊನೆಗೆ ಇಟ್ಟುಕೊಳ್ಳಿ. ಅವನ ಬೆಡಗಿನ ವಚನಗಳು ಒಗಟಿನಂಥವು. ಮೊದಲ ಸಲಕ್ಕೇ ಅವುಗಳ ಜೊತೆ ಗುದ್ದಾಡಿದರೆ ಸುಮ್ನೆ ಬೇಜಾರಾಗುತ್ತದೆ.

ಇನ್ನೊಂದು ಎಚ್ಚರಿಕೆ. ಬೆಳಗಾದರೆ ವಾಟ್ಸಾಪ್‌ನಲ್ಲಿ ಬರುವ ವಚನಗಳಲ್ಲಿ ಎಷ್ಟೋ ವಚನಗಳೇ ಅಲ್ಲ. ಯಾರೋ ಬರೆದ ನಾಲ್ಕು ಸಾಲಿನ ಕೆಳಗೆ ಕೂಡಲಸಂಗಮದೇವ ಎಂದು ಅಂಕಿತ ಅಂಟಿಸಿರುತ್ತಾರೆ. ನಿಜವೋ ಸುಳ್ಳೋ ನೋಡುವುದು ಕಷ್ಟವಲ್ಲ. ಕರ್ನಾಟಕ ಸರ್ಕಾರ ತಂದ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳಲ್ಲಿದೆ, ಮೊದಲನೆಯದು ಬಸವಣ್ಣನದು. ದೊಡ್ಡ ಗ್ರಂಥಾಲಯಗಳಲ್ಲಿ ಇದು ಸಿಗುತ್ತದೆ. ಮೊಬೈಲಿನಲ್ಲಾದರೆ ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟು ಹುಡುಕಬಹುದು.

ವಿಜಯಪುರದವರು ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆ ಮಠ ಸುತ್ತಿ ತಾಡೋಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗ ಬಂತು. ಆಮೇಲೆ ವಿಜಯಪುರದಲ್ಲೇ ಹಿತಚಿಂತಕ ಎಂಬ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿದರು. ಅದಕ್ಕೂ ಮೊದಲು ಈ ವಚನಗಳಲ್ಲಿ ಬಹಳಷ್ಟು ಪೂಜೆಯ ಜಗುಲಿಯ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿದ್ದವು.

3. ಜೊತೆಗೊಂದು ಗದ್ಯ ಇರಲಿ

ಓದುವ ಅಭ್ಯಾಸ ತಪ್ಪಿದವರಿಗೆ ಪದ್ಯವೊಂದೇ ಸಾಕಾಗುವುದಿಲ್ಲ. ನೂರಾರು ಪುಟ ಕೂತು ಓದುವ ದಮ್ಮು ಬರಬೇಕಾದರೆ ಕಾದಂಬರಿ ಬೇಕು. ಇದಕ್ಕೂ ದೂರ ಹೋಗಬೇಕಿಲ್ಲ. ನನ್ನನ್ನು ಕೇಳಿದರೆ ಮೊದಲ ಹೆಸರು ‘ಗ್ರಾಮಾಯಣ’, 1957ರದು. ಬರೆದವರು ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿಯ ರಾವಬಹಾದ್ದೂರ. ಒಂದು ಹಳ್ಳಿ ತನ್ನೊಳಗಿನ ಜಗಳಗಳಿಂದಲೇ ಹಾಳಾಗುವ ಕಥೆ. ನಮ್ಮ ಕಡೆಯ ಪಂಚಾಯಿತಿ ಚುನಾವಣೆ ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣದು, ಹಾಗಾಗಿಯೇ ಕೆಳಗಿಡಲು ಆಗದು.

ದಪ್ಪ ಪುಸ್ತಕ ಬೇಡ ಎನ್ನುವವರು ನಾಟಕ ಓದಿ, ಒಂದು ಸಂಜೆಗೆ ಮುಗಿಯುತ್ತದೆ. ಶ್ರೀರಂಗರು ವಿಜಯಪುರ ಜಿಲ್ಲೆಯ ಅಗರಖೇಡದವರು. ಚಂದ್ರಶೇಖರ ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಕಂಬಾರರ ‘ಜೋಕುಮಾರಸ್ವಾಮಿ’ಯ ಮಾತನ್ನು ದಕ್ಷಿಣದವರು ಟಿಪ್ಪಣಿ ನೋಡಿ ಓದಬೇಕು, ನಮಗೆ ಅದರ ಗೊಡವೆ ಇಲ್ಲ. ಬಸವರಾಜ ಕಟ್ಟೀಮನಿ, ಮಿರ್ಜಿ ಅಣ್ಣಾರಾಯರೂ ಬೆಳಗಾವಿ ಜಿಲ್ಲೆಯವರೇ. ಯಾವುದು ಕೈಗೆ ಸಿಕ್ಕರೂ ಓದಿ.

4. ಷಟ್ಪದಿ: ವಿರಾಟಪರ್ವದಿಂದ ಒಳಗೆ ಹೋಗಿ

ಈಗ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ, ಬರೆದ ಕುಮಾರವ್ಯಾಸ. ಅವನ ಗದುಗಿನ ಭಾರತದ ಹತ್ತು ಪರ್ವಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತೇನೆ ಎಂಬ ಹಟ ಬೇಡ. ವಿರಾಟಪರ್ವ ತೆಗೆಯಿರಿ. ಮಳೆ ಬಾರದಿದ್ದರೆ ಊರಲ್ಲಿ ವಿರಾಟಪರ್ವ ಓದಿಸುವ ರೂಢಿ ನಿಮಗೆ ಗೊತ್ತಿರಬಹುದು. ಅದರಲ್ಲಿ ಉತ್ತರಕುಮಾರನ ಪ್ರಸಂಗ ಇದೆ. ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಧುಮುಕಿ ಓಡುವ ಹುಡುಗ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಅವನದೇ. ಐನೂರು ವರ್ಷಕ್ಕೂ ಹಳೆಯ ಕಾವ್ಯ ಓದಿ ನಗು ಬಂತು ಎಂದರೆ ಆಮೇಲೆ ಅದು ಯಾರದೋ ಪಠ್ಯವಾಗಿ ಉಳಿಯುವುದಿಲ್ಲ.

ಓದುವ ಬಗೆ ಮಾತ್ರ ಸ್ವಲ್ಪ ಕಲಿಯಬೇಕು. ಕಾವ್ಯದ ಮೊದಲ ಪದ್ಯ ಹೀಗೆ ಶುರುವಾಗುತ್ತದೆ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ

ಮೊದಲ ಸಾಲಿನ ಕೊನೆ ನೋಡಿ. ‘ರಾಜೀವ’ ಎಂಬ ಪದ ಎರಡು ತುಂಡಾಗಿದೆ. ‘ಅತಿಪಾವನ’ವೂ ಹಾಗೇ. ಸಾಲು ಮುಗಿಯಿತೆಂದು ನಿಲ್ಲಬಾರದು. ನಿಂತರೆ ಅರ್ಥ ಕೆಡುತ್ತದೆ, ಷಟ್ಪದಿ ಕಷ್ಟ ಎನ್ನುವವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ಮೊದಲು ತಾಳಕ್ಕೆ ಓದಿ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ (ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದದ್ದಕ್ಕೆ ಎರಡು) ಒಂದಾದ ಮೇಲೊಂದು ಬರುತ್ತವೆ: ಶ್ರೀವ / ನಿತೆಯರ / ಸನೆವಿ / ಮಲರಾ. ತೊಡೆಯ ಮೇಲೆ ತಾಳ ಹಾಕಿಕೊಂಡು ನಾಲ್ಕು ಪದ್ಯ ಹೇಳಿದರೆ ಬಾಯಿಗೆ ಹತ್ತುತ್ತದೆ. ಎರಡನೇ ಸಲ ತಾಳ ಬಿಟ್ಟು, ಪದ ಬಿಡಿಸಿಕೊಂಡು ಅರ್ಥಕ್ಕೆ ಓದಿ. ರಾಜೀವಪೀಠ ಅಂದರೆ ಕಮಲದ ಮೇಲೆ ಕೂತವನು, ಬ್ರಹ್ಮ. ಅವನ ಅಪ್ಪ ವಿಷ್ಣು. ಹೆಸರನ್ನು ಹೀಗೆ ಸುತ್ತಿ ಬಳಸಿ ಹೇಳುವುದು ಈ ಕವಿಗಳ ಚಟ. ಒಂದಿಷ್ಟು ಪದ್ಯ ಆದ ಮೇಲೆ ಒಗಟು ಬಿಡಿಸುವ ಖುಷಿ ಬರುತ್ತದೆ.

ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಹಾಡಿದ್ದು ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಓದುವ ಮೊದಲು ಅದೇ ಭಾಗ ಕೇಳಿ. ಊರಿನ ಮಠದಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚಿದರೆ ಸಂಜೆ ಹೋಗಿ ಕೂತುಕೊಳ್ಳಿ. ಚಾಮರಸನ ‘ಪ್ರಭುಲಿಂಗಲೀಲೆ’ಯೂ ಭಾಮಿನಿಯಲ್ಲೇ ಇದೆ, ಭೀಮಕವಿಯ ‘ಬಸವಪುರಾಣ’ ಷಟ್ಪದಿಯ ಕಾವ್ಯವೇ. ಪುರಾಣಿಕರು ಪದ್ಯ ಹೇಳಿ, ಪದ ಬಿಡಿಸಿ, ಅರ್ಥ ಹೇಳಿ, ಮಧ್ಯೆ ಒಂದು ಹಾಸ್ಯದ ಕಥೆ ಸೇರಿಸುತ್ತಾರೆ. ಇದಕ್ಕಿಂತ ಒಳ್ಳೆಯ ತರಗತಿ ನನಗೆ ಗೊತ್ತಿಲ್ಲ. ಫೀಸೂ ಇಲ್ಲ, ಪ್ರಸಾದ ಬೇರೆ.

ಕುಮಾರವ್ಯಾಸ ಹಿಡಿಸಿದರೆ ಮುಂದಿನದು ವಿಜಯಪುರದ ಪಕ್ಕದಲ್ಲೇ ಇದೆ. ತೊರವೆಯ ನರಸಿಂಹನ ಸನ್ನಿಧಿಯಲ್ಲಿ ಕುಮಾರ ವಾಲ್ಮೀಕಿ ಬರೆದ ‘ತೊರವೆ ರಾಮಾಯಣ’. ಅದೇ ಭಾಮಿನಿ, ಅದೇ ತಾಳ. ಕಥೆಯೂ ಗೊತ್ತಿರುವುದೇ.

5. ಹಳಗನ್ನಡಕ್ಕೆ ನಾಲ್ಕೈದು ಕೀಲಿ

ಇಲ್ಲಿಂದ ಹಿಂದಕ್ಕೆ ಹಳಗನ್ನಡ. ವ್ಯಾಕರಣದ ಪುಸ್ತಕ ಹಿಡಿಯಬೇಡಿ. ಇಷ್ಟು ಗೊತ್ತಿದ್ದರೆ ದಾರಿ ಸಾಗುತ್ತದೆ.

ಪದದ ಮೊದಲ ಪ ಈಗ ಹ ಆಗಿದೆ: ಪಾಲ್ – ಹಾಲು, ಪುಲಿ – ಹುಲಿ, ಪೋಗು – ಹೋಗು, ಪೊಲ – ಹೊಲ. ಅರ್ಥವಾಗದ ಪದ ಪಕಾರದಿಂದ ಶುರುವಾದರೆ ಮೊದಲು ಹ ಹಾಕಿ ನೋಡಿ.

ಕೊನೆಯಲ್ಲಿ ಅರ್ಧಾಕ್ಷರ ಇದ್ದರೆ ಉ ಸೇರಿಸಿ: ಕಣ್ – ಕಣ್ಣು, ಕಲ್ – ಕಲ್ಲು.

ಕೊನೆಯಲ್ಲಿ ಸೊನ್ನೆ ಇದ್ದರೆ ಎರಡು ದಾರಿ. ರಾಮಂ ಅಂದರೆ ರಾಮನು. ಮರಮಂ ಅಂದರೆ ಮರವನ್ನು.

ಊರೊಳ್ ಅಂದರೆ ಊರಲ್ಲಿ. ನಮ್ಮಲ್ಲಿ ಈಗಲೂ ‘ಊರೊಳಗ’ ಅನ್ನುತ್ತಾರಲ್ಲ, ಅದೇ.

ಮಧ್ಯದ ರ್ ಎಷ್ಟೋ ಕಡೆ ಬಿದ್ದುಹೋಗಿದೆ: ಇರ್ದು – ಇದ್ದು. ಇನ್ನು ೞ, ಱ ಎಂಬ ಎರಡು ಹಳೆಯ ಅಕ್ಷರ ಕಂಡರೆ ಹೆದರಬೇಡಿ. ೞ ಇದ್ದಲ್ಲಿ ಳ ಎಂದೂ, ಱ ಇದ್ದಲ್ಲಿ ರ ಎಂದೂ ಓದಿಕೊಂಡರೆ ಹೆಚ್ಚಿನ ಕಡೆ ಕೆಲಸ ನಡೆಯುತ್ತದೆ. ಮೞೆ ಅಂದರೆ ಮಳೆಯೇ.

ಉಳಿದದ್ದು ಸಂಧಿ ಬಿಡಿಸುವ ಕೆಲಸ. ಅದನ್ನು ರನ್ನನ ಒಂದು ಸಾಲಿನಲ್ಲೇ ಮಾಡಿ ನೋಡೋಣ.

6. ಮುಧೋಳದ ರನ್ನ

ಮುಧೋಳ ಅಂದರೆ ಎಲ್ಲರಿಗೂ ನಾಯಿ ನೆನಪಾಗುತ್ತದೆ. ನಾಯಿ ಒಳ್ಳೆಯದೇ. ಆದರೆ 10ನೇ ಶತಮಾನದಲ್ಲಿ ಆ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಚಾಲುಕ್ಯರ ಆಸ್ಥಾನಕ್ಕೆ ಏರಿ ‘ಗದಾಯುದ್ಧ’ ಬರೆದ. ಮೊದಲ ಹಳಗನ್ನಡ ಕಾವ್ಯವಾಗಿ ಓದಲು ಇದಕ್ಕಿಂತ ತಕ್ಕದ್ದು ಸಿಗದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪಂಪನ ಕಾವ್ಯಕ್ಕೆ 14 ಆಶ್ವಾಸ, ಇದಕ್ಕೆ 10. ಇಡೀ ಭಾರತವನ್ನು ಹೇಳುವ ಗೋಜಿಗೆ ರನ್ನ ಹೋಗುವುದಿಲ್ಲ. ಯುದ್ಧದ ಕೊನೆಯ ಹೊತ್ತಿನಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡುತ್ತಾನೆ. ಮಾತಿಗೆ ಮಾತು ಬರುತ್ತದೆ, ನಾಟಕದ ಹಾಗೆ.

ನೇರವಾಗಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುವ ಭಾಗಕ್ಕೆ ಬನ್ನಿ. ಹೆಣಗಳ ನಡುವೆ ಅವನು ದ್ರೋಣನನ್ನು ಕಾಣುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಕೈ ಮುಗಿಯುತ್ತಾನೆ. ತನ್ನ ಮಗ ಲಕ್ಷಣಕುಮಾರನನ್ನು ಕಾಣುತ್ತಾನೆ. ದುಶ್ಶಾಸನನ ಮುಂದೆ ನಿಂತಾಗ ಅವನ ಅಳಲು ಹೀಗೆ: ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನಾನು ಮುಂದೆ, ನೀನು ಹಿಂದೆ. ಸಾವಿನಲ್ಲಿ ಮಾತ್ರ ಸರದಿ ತಪ್ಪಿತಲ್ಲ. ಕರ್ಣನ ಹೆಣ ಕಂಡಾಗಿನ ಮಾತುಗಳನ್ನು ನಾನು ಇಲ್ಲಿ ಹೇಳುವುದಿಲ್ಲ, ನೀವೇ ಓದಬೇಕು.

ಆಮೇಲೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆ ಕೂಗು ಕೇಳಿದ ಮೇಲೆ ಏನಾಯಿತು ಎನ್ನುವ ಸಾಲು ಇದು:

ನೀರೊಳಗಿರ್ದುಂ ಬೆಮರ್ದನುರಗಪತಾಕಂ

ಬಿಡಿಸಿ ನೋಡಿ. ನೀರೊಳಗೆ ಇರ್ದುಂ: ನೀರೊಳಗೆ ಇದ್ದರೂ. ಬೆಮರ್ದನ್: ಬೆವೆತನು. ಉರಗಪತಾಕಂ: ಹಾವಿನ ಬಾವುಟದವನು, ಅಂದರೆ ದುರ್ಯೋಧನ. ನೀರಿನ ಒಳಗಿದ್ದೂ ಬೆವೆತ! ಈಗ ಗದ್ಯ ಮರೆತು ಮೂಲವನ್ನೇ ಮತ್ತೆ ಗಟ್ಟಿಯಾಗಿ ಓದಿ. ಅರ್ಥ ಗೊತ್ತಾದ ಮೇಲೆ ಮೂಲಕ್ಕೆ ವಾಪಸ್ ಬರುವ ಈ ಕೆಲಸವನ್ನು ಯಾವತ್ತೂ ಬಿಡಬೇಡಿ. ಗದ್ಯಾನುವಾದ ಓದಿ ಮುಂದಕ್ಕೆ ಹೋದರೆ ಕಥೆ ತಿಳಿಯುತ್ತದೆ, ರನ್ನ ಸಿಗುವುದಿಲ್ಲ.

ಯಾವ ಪ್ರತಿ ಕೊಳ್ಳಬೇಕು? ಎಡಪುಟದಲ್ಲಿ ಅಥವಾ ಪದ್ಯದ ಕೆಳಗೆ ಪದವಿಂಗಡಣೆ, ಗದ್ಯಾನುವಾದ ಇರುವುದನ್ನೇ ಹುಡುಕಿ. ಬರೀ ಮೂಲ ಇರುವುದು ಈಗ ಬೇಡ. ತೀ.ನಂ. ಶ್ರೀಕಂಠಯ್ಯನವರು ಸಂಪಾದಿಸಿದ ಸಂಗ್ರಹ ರೂಪವೂ ಇದೆ, ಪೂರ್ತಿ ಕಾವ್ಯದ ಭಾರ ಬೇಡ ಎನ್ನುವವರಿಗೆ ಅದು ಹಿತ. ಪದಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಸಾಕು. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಒಂದು ಪದ್ಯದಲ್ಲಿ ಎರಡು ಪದ ಗೊತ್ತಾಗದಿದ್ದರೂ ಮುಂದೆ ಹೋಗಿ.

ಪುಸ್ತಕ, ಹೊತ್ತು, ಜೊತೆ

ದುಡ್ಡು ಹಾಕುವ ಮೊದಲು ಗ್ರಂಥಾಲಯ ನೋಡಿ. ಜಿಲ್ಲಾ ಕೇಂದ್ರಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕಾವ್ಯದ ಕಪಾಟಿಗೆ ಕೈ ಹಾಕುವವರು ಕಮ್ಮಿ. ಎಲ್ಲರೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ ಮುಗಿಬಿದ್ದಿರುತ್ತಾರೆ. ನಿಮಗೆ ಅದೇ ಅನುಕೂಲ. ಹಳ್ಳಿಯ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು, ಅಲ್ಲೂ ವಚನ, ಸರ್ವಜ್ಞ ಇರುತ್ತವೆ. ಕುಮಾರವ್ಯಾಸ ಕನ್ನಡ ವಿಕಿಸೋರ್ಸ್‌ನಲ್ಲಿ ಪುಕ್ಕಟೆ ಸಿಗುತ್ತಾನೆ. ನವೆಂಬರದಲ್ಲಿ ರಾಜ್ಯೋತ್ಸವದ ರಿಯಾಯಿತಿ ಕೊಡುವ ಪ್ರಕಾಶಕರಿದ್ದಾರೆ, ದೊಡ್ಡ ಪುಸ್ತಕ ಕೊಳ್ಳುವುದನ್ನು ಆಗಿನವರೆಗೆ ತಡೆದುಕೊಳ್ಳಿ.

ಕಬ್ಬು ಕಟಾವು, ಮದುವೆ ಸೀಸನ್ನು, ಜಾತ್ರೆ, ಇಂಥ ದಿನಗಳಲ್ಲಿ ಓದು ನಿಲ್ಲುತ್ತದೆ, ನಿಲ್ಲಲಿ. ಆದರೆ ಮತ್ತೆ ಶುರು ಮಾಡುವಾಗ ನಿಲ್ಲಿಸಿದ ಪುಟದಿಂದ ಬೇಡ. ಇಷ್ಟವಾದ ಹಳೆಯ ಭಾಗ ಒಂದನ್ನು ಓದಿ ಬಾಯಿ ಬಿಸಿ ಮಾಡಿಕೊಂಡು ಮುಂದುವರಿಯಿರಿ. ಬಸ್ಸಿನಲ್ಲಿ ವಚನ, ಕಾದಂಬರಿ ಓದಬಹುದು. ಷಟ್ಪದಿಗೆ ಮನೆಯೇ ಬೇಕು, ಗಟ್ಟಿಯಾಗಿ ಓದಬೇಕಲ್ಲ.

ಬೆಳಗಾವಿ, ನಿಪ್ಪಾಣಿ ಕಡೆ ಮರಾಠಿ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡುವವರಿದ್ದಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಥೆಯೂ ಅದೇ. ಕನ್ನಡ ಅಕ್ಷರ ನಿಧಾನವಾದರೂ ಇವರ ಕಿವಿ ಚುರುಕಾಗಿರುತ್ತದೆ. ಇವರು ಆಡಿಯೋ ಹಾಕಿಕೊಂಡು ಅದೇ ಪುಟವನ್ನು ಬೆರಳಿಟ್ಟು ಓದಲಿ. ‘ಗರತಿಯ ಹಾಡು’, ವಚನ ಎರಡೇ ಸಾಕು ಮೊದಲ ವರ್ಷಕ್ಕೆ.

ಸಾಧ್ಯವಾದರೆ ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಬಿಡಿಸುವುದು. ಊರಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಇದ್ದರೆ ಸಂಜೆ ಹೋಗಿ ‘ಸರ್, ಇದೊಂದು ಪದ್ಯ ತಿಳೀಲಿಲ್ಲ’ ಅನ್ನಿ. ಬೇಡ ಎನ್ನುವ ಮೇಷ್ಟ್ರನ್ನು ನಾನಂತೂ ಕಂಡಿಲ್ಲ. ಒಂದು ಪದ್ಯ ಕೇಳಲು ಹೋದವರಿಗೆ ಹತ್ತು ಪದ್ಯ ಹೇಳಿ, ಚಹಾ ಕುಡಿಸಿ ಕಳಿಸುತ್ತಾರೆ.

ರನ್ನ ಮುಗಿದ ಮೇಲೆ ಅಲಮಾರಿಯ ಪಂಪಭಾರತ ಕೆಳಗೆ ಇಳಿಸಿ. 941ರ ಕಾವ್ಯ, ರನ್ನನಿಗಿಂತ ಹಿಂದಿನದು, ಆದರೂ ಈಗ ಅಷ್ಟು ದೂರ ಅನ್ನಿಸುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಸಿಕ್ಕರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೊದಲ ಆಶ್ವಾಸದಿಂದ ಹೊರಡಬೇಡಿ. ಒಂಬತ್ತನೆಯದಕ್ಕೆ ಹೋಗಿ, ಅಲ್ಲಿ ಕೃಷ್ಣ ಬಂದು ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಆಮೇಲೆ ಬನವಾಸಿಯ ವರ್ಣನೆ ಇರುವ ನಾಲ್ಕನೆಯದು. ಚಾಲುಕ್ಯರ ವಂಶಾವಳಿಯನ್ನು ಎಲ್ಲ ಮುಗಿದ ಮೇಲೆ ಓದಿದರೂ ಪಂಪನೇನೂ ಬೇಸರ ಮಾಡಿಕೊಳ್ಳುವುದಿಲ್ಲ.